ಪಿಯುಸಿಯಲ್ಲೇ ಪದವಿಯ ಕ್ರೆಡಿಟ್: ಕಾಲೇಜು, ವಿಶ್ವವಿದ್ಯಾಲಯ ಕೈಜೋಡಿಸುವುದು ಹೇಗೆ?

ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರವನ್ನು ಚೆನ್ನಾಗಿ ಕಲಿತ ಹುಡುಗಿ ಬಿ.ಎಸ್ಸಿ ಮೊದಲ ಸೆಮಿಸ್ಟರಿನಲ್ಲಿ ಮತ್ತೆ ಸರಾಸರಿ, ಮಧ್ಯಾಂಕಗಳನ್ನೇ ಬರೆಯುತ್ತ ಕೂರುವುದನ್ನು ನಮ್ಮ ಭಾಗದ ಉಪನ್ಯಾಸಕರು ಕಂಡೇ ಇರುತ್ತಾರೆ. ಅಮೆರಿಕದ ಮಿನ್ನೆಸೋಟ ರಾಜ್ಯ 1985ರಲ್ಲೇ ಪ್ರೌಢಶಾಲೆಯ ಕೊನೆಯ ತರಗತಿಗಳ ಮಕ್ಕಳಿಗೆ ಕಾಲೇಜಿನ ಕೋರ್ಸ್ ಓದಿ ಕ್ರೆಡಿಟ್ (ಕಲಿತದ್ದಕ್ಕೆ ಸಿಕ್ಕಿ, ಮುಂದೆ ಪದವಿಯಲ್ಲಿ ಲೆಕ್ಕಕ್ಕೆ ಬರುವ ಅಂಶ) ಪಡೆಯಲು ಕಾನೂನಿನ ಮೂಲಕ ಅವಕಾಶ ಕೊಟ್ಟಿತು. ನಮ್ಮಲ್ಲಿ 2021ರಲ್ಲಿ, ವಿದ್ಯಾರ್ಥಿಗಳ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಆರಂಭವಾಯಿತು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಕಲಿಕೆಯನ್ನೂ ಉನ್ನತ ಶಿಕ್ಷಣವನ್ನೂ ಒಂದೇ ಲೆಕ್ಕದಲ್ಲಿ ಅಳೆಯುವ ದಾರಿ ತೋರಿತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಗಳು ಹತ್ತಿರವೇ ಇರುವಾಗ, ನಮ್ಮ ತಾಲ್ಲೂಕಿನ ಪಿಯು ಕಾಲೇಜು ಇಂಥ ಪ್ರಯೋಗಕ್ಕೆ ಮುಂದಾಗಬೇಕು.

ಮೊದಲು ಸಂಖ್ಯಾಶಾಸ್ತ್ರದಂಥ ಒಂದೇ ಒಂದು ಕೋರ್ಸ್ ಆಯ್ದುಕೊಳ್ಳಿ. ಎರಡನೇ ಪಿಯುಸಿಯವರಿಗೆ ವಾರ್ಷಿಕ ಪರೀಕ್ಷೆ, ಸಿಇಟಿ, ನೀಟ್‌ಗಳ ಹೊರೆಯಿರುವುದರಿಂದ ಮೊದಲ ಪಿಯುಸಿಯೇ ಇದಕ್ಕೆ ಸೂಕ್ತ.

ಆಮೇಲೆ ಪ್ರಾಚಾರ್ಯರು ವಿಶ್ವವಿದ್ಯಾಲಯದ ಕುಲಸಚಿವರಿಗೆ ಪತ್ರ ಬರೆಯಬೇಕು. ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಒಪ್ಪಿಗೆಯನ್ನೂ ಜೊತೆಯಲ್ಲೇ ಕೇಳಬೇಕು. ಪ್ರಸ್ತಾವ, ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಅಧ್ಯಯನ ಮಂಡಳಿ ಮತ್ತು ವಿದ್ಯಾವಿಷಯಕ ಪರಿಷತ್ತಿನ ಮುಂದೆ ಹೋಗಿ ಬರುವವರೆಗೂ ತರಗತಿ ಆರಂಭಿಸಬಾರದು. ಇಲ್ಲಿ ಅವಸರ ಮಾಡಿದರೆ ಪೆಟ್ಟು ಬೀಳುವುದು ಮಕ್ಕಳಿಗೆ. ಕಲಿತ ಕೋರ್ಸ್ ಯಾವ ಪದವಿಯ ಯಾವ ಪತ್ರಿಕೆಗೆ ಬದಲಾಗಿ ಸಲ್ಲುತ್ತದೆ, ಅದರ ಶ್ರೇಣಿ ಒಟ್ಟು ಫಲಿತಾಂಶದಲ್ಲಿ ಸೇರುತ್ತದೆಯೇ, ವಿದ್ಯಾರ್ಥಿ ಬೇರೆ ವಿಶ್ವವಿದ್ಯಾಲಯ ಸೇರಿದರೆ ಗತಿಯೇನು, ಶುಲ್ಕ ಎಷ್ಟು ಮತ್ತು ಅದನ್ನು ಕಟ್ಟುವವರು ಯಾರು ಎಂಬುದೆಲ್ಲ ಕಾಲೇಜು ಮತ್ತು ವಿಶ್ವವಿದ್ಯಾಲಯದ ನಡುವಿನ ಲಿಖಿತ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿ ಇರಬೇಕು. ಹದಿನಾರರ ವಯಸ್ಸಿನಲ್ಲಿ ಎಡವಿದ ಒಂದು ಪತ್ರಿಕೆ ಪದವಿಯ ಅಂಕಪಟ್ಟಿಯವರೆಗೂ ಬೆನ್ನು ಹತ್ತಬಾರದು. ಆದ್ದರಿಂದ ಕೋರ್ಸ್ ನಡುವೆ ಹಿಂದೆ ಸರಿಯಲು ಕೊನೆಯ ದಿನಾಂಕವನ್ನೂ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆಯನ್ನು, ಅದು ಎಷ್ಟೇ ದೊಡ್ಡವರದಾಗಿದ್ದರೂ, ನಂಬಿ ಮಕ್ಕಳ ಹೆಸರು ನೋಂದಾಯಿಸಬೇಡಿ.

ಪಾಠ ಮಾಡುವವರು ಯಾರು? ಸ್ನಾತಕೋತ್ತರ ಪದವಿ ಪಡೆದ ಪಿಯು ಉಪನ್ಯಾಸಕರೇ ಕಲಿಸಬಹುದು. ಆದರೆ ವಿಶ್ವವಿದ್ಯಾಲಯದ ವಿಭಾಗ ಅವರಿಗೆ ಮೊದಲೇ ತರಬೇತಿ ಕೊಡಬೇಕು; ಪ್ರಾಧ್ಯಾಪಕರೊಬ್ಬರು ಆಗಾಗ ಬಂದು ಪಾಠ ನೋಡಬೇಕು. ಅಮೆರಿಕದ ಇಂಥ ಯೋಜನೆಗಳೂ ಈ ನಂಟಿನ ಮೇಲೆಯೇ ನಿಂತಿವೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಹೇಳಿಕೊಟ್ಟರೆ ಅರ್ಧ ಅಂಜಿಕೆ ಹೋಗುತ್ತದೆ.

ಗಂಟೆಗಳ ಲೆಕ್ಕ ಸರಳ. ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆ. ಮೂರು ಕ್ರೆಡಿಟ್ ಕೋರ್ಸಿಗೆ 90. ಅದರಲ್ಲಿ 45 ಗಂಟೆ ತರಗತಿಯಲ್ಲಿ, ಅಂದರೆ ವಾರಕ್ಕೆ ಮೂರು ಗಂಟೆಯಂತೆ 15 ವಾರ. ಉಳಿದದ್ದು ಹೋಂವರ್ಕ್ ಮತ್ತು ಸ್ವಂತ ಅಭ್ಯಾಸ. ಸಂಜೆಯ ಕೊನೆಯ ಬಸ್ಸಿಗೆ ಊರು ಸೇರಬೇಕಾದ ಮಕ್ಕಳಿರುತ್ತಾರಾದ್ದರಿಂದ ವೇಳಾಪಟ್ಟಿಯನ್ನು ಬಸ್ಸಿನ ಸಮಯ ನೋಡಿಯೇ ಮಾಡಬೇಕು. ಹೋಂವರ್ಕ್ ಕೂಡ ಮಕ್ಕಳಿಗೆ ಹತ್ತಿರದ್ದಾಗಿರಲಿ: ವಿಜಯಪುರ ಎಪಿಎಂಸಿಯ ಒಣದ್ರಾಕ್ಷಿ ದರವನ್ನು ವಹಿವಾಟಿನ 30 ದಿನ ಬರೆದುಕೊಂಡು, ಸರಾಸರಿಯಿಂದ ದರ ಎಷ್ಟು ಏರುಪೇರಾಯಿತೆಂದು ಲೆಕ್ಕ ಹಾಕಿದ ಹುಡುಗನಿಗೆ ಮಾನಕ ವಿಚಲನೆ ಬರೀ ಸೂತ್ರವಾಗಿ ಉಳಿಯುವುದಿಲ್ಲ.

ಪರೀಕ್ಷೆಯಲ್ಲಿ ರಿಯಾಯಿತಿ ಬೇಡ. ಪದವಿ ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನೆಪತ್ರಿಕೆಯ ಮಟ್ಟವೇ ಇಲ್ಲಿಯೂ ಇರಬೇಕು, ಮೌಲ್ಯಮಾಪನವೂ ವಿಶ್ವವಿದ್ಯಾಲಯದ್ದೇ ಆಗಬೇಕು. ಇಲ್ಲವಾದರೆ ನಾಳೆ ಆ ಕ್ರೆಡಿಟ್ಟನ್ನು ಯಾರೂ ಒಪ್ಪುವುದಿಲ್ಲ.

ಕೊನೆಯದು ಖಾತೆ. ವಿದ್ಯಾರ್ಥಿ ಡಿಜಿಲಾಕರ್ ಮೂಲಕ ಕ್ರೆಡಿಟ್ ಬ್ಯಾಂಕಿನಲ್ಲಿ ಖಾತೆ ತೆರೆಯುತ್ತಾನೆ, ಆದರೆ ಕ್ರೆಡಿಟ್ ಜಮಾ ಮಾಡುವುದು ಸಂಸ್ಥೆ. ಯಾವ ಹಂತದಲ್ಲಿ ಜಮಾ ಆಗುತ್ತದೆ ಎಂಬುದನ್ನೂ ಒಡಂಬಡಿಕೆಯಲ್ಲಿ ಸೇರಿಸಿ. ಖಾತೆಗೆ ತೊಡಕಾಗದಿರಲು ದಾಖಲೆಗಳಲ್ಲಿ ಹೆಸರು ಒಂದೇ ಇರಲಿ; ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ನಡುವೆ ತಂದೆಯ ಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ ಎನ್ನುವುದು ಮಾಮೂಲಿ. ಪ್ರವೇಶದ ವಾರದಲ್ಲೇ ಎರಡೂ ದಾಖಲೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ವ್ಯತ್ಯಾಸವಿದ್ದರೆ ತಿದ್ದುಪಡಿಯ ಅರ್ಜಿಯನ್ನು ಅಂದೇ ಹಾಕಿಸಿ.