ಫ್ಯಾರನ್‌ಹೀಟ್‌ಗೆ ಒಗ್ಗಿಕೊಳ್ಳುವುದು ಹೇಗೆ?

‘ಮಗುವಿಗೆ ನೂರೆರಡು ಜ್ವರ’ ಎಂದರೆ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದು ಫ್ಯಾರನ್‌ಹೀಟ್ ಲೆಕ್ಕವೇ. ಜ್ವರಕ್ಕೆ ಒಂದು ಅಳತೆ, ಬಿಸಿಲಿಗೆ ಇನ್ನೊಂದು ಇಟ್ಟುಕೊಂಡೇ ಬೆಳೆದವರು ಅಮೆರಿಕಕ್ಕೆ ಹೋದಾಗ ತಡವರಿಸುವುದು ಹವೆ, ಓವನ್, ಥರ್ಮೋಸ್ಟಾಟ್‌ಗಳ ಮುಂದೆ.

ಮೊದಲು ಫೋನಿನ ಹವಾಮಾನ ಆ್ಯಪನ್ನು ಫ್ಯಾರನ್‌ಹೀಟ್‌ಗೆ ಬದಲಿಸಿ. ಎರಡೂ ಕಾಣುತ್ತಿದ್ದರೆ ಕಣ್ಣು ಹಳೆಯದಕ್ಕೇ ಓಡುತ್ತದೆ. ಆಮೇಲೆ ಐದು ಅಂಕಿ ಬಾಯಿಪಾಠ ಮಾಡಿ: ಸೊನ್ನೆ ಸೆಲ್ಸಿಯಸ್‌ಗೆ 32, ಹತ್ತಕ್ಕೆ 50, ಇಪ್ಪತ್ತಕ್ಕೆ 68, ಮೂವತ್ತಕ್ಕೆ 86, ಕಲಬುರಗಿಯ ಬೇಸಿಗೆಯ ನಲವತ್ತಕ್ಕೆ 104. ಪ್ರತಿ ಹತ್ತಕ್ಕೆ ಹದಿನೆಂಟು ಏರುತ್ತದೆ, ಅಷ್ಟೇ. ತಿರುಗುಮುರುಗಾದ ಎರಡು ಜೋಡಿ ಮರೆಯುವುದೇ ಇಲ್ಲ: 16ಕ್ಕೆ 61, 28ಕ್ಕೆ 82.

ನಡುವಿನ ಅಂಕಿಗಳಿಗೆ 30 ಕಳೆದು ಅರ್ಧ ಮಾಡಿ. 70 ಎಂದರೆ 20 ಬರುತ್ತದೆ, ನಿಜ 21. ಸ್ವೆಟರ್ ಬೇಕೋ ಬೇಡವೋ ತಿಳಿಯಲು ಸಾಕು. ಓವನ್‌ಗೆ ಈ ಉಪಾಯ ಬೇಡ. 350ಕ್ಕೆ 160 ಬರುತ್ತದೆ, ನಿಜ 177. ಕೇಕಿನ ನಡು ಹಸಿಯಾಗಿಯೇ ಉಳಿದೀತು. ಅಲ್ಲಿ 30 ಕಳೆಯದೆ ಬರೀ ಅರ್ಧ ಮಾಡಿದರೆ 175, ಹೆಚ್ಚುಕಡಿಮೆ ಸರಿ.

ಹೆಚ್ಚಿನವರು ಎಡವುವುದು ವ್ಯತ್ಯಾಸದ ಲೆಕ್ಕದಲ್ಲಿ. ‘ನಾಳೆ 20 ಡಿಗ್ರಿ ಇಳಿಯುತ್ತದೆ’ ಎಂದಾಗ 32 ಕಳೆಯಬಾರದು. ಇಪ್ಪತ್ತನ್ನು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ ಸುಮಾರು 11 ಸೆಲ್ಸಿಯಸ್. ಥರ್ಮೋಸ್ಟಾಟನ್ನು ಎರಡು ಏರಿಸಿದರೂ ಮನೆ ಬಿಸಿಯಾಗುವುದು ನಮ್ಮ ಲೆಕ್ಕದಲ್ಲಿ ಒಂದೇ ಡಿಗ್ರಿಯಷ್ಟು.

ಇನ್ನು ಮೊಸರು. ಚಳಿಗಾಲದಲ್ಲಿ ಮನೆಯೊಳಗೆ 68 ಇದ್ದರೆ ಕಟ್ಟೆಯ ಮೇಲಿಟ್ಟ ಹಾಲು ಬೆಳಗಾದರೂ ಹಾಲೇ. ಕಾಯಿಸಿದ ಹಾಲು 110ಕ್ಕೆ ಆರಿದಾಗ ಹೆಪ್ಪು ಹಾಕಿ. ಅಡುಗೆ ಥರ್ಮಾಮೀಟರ್ ಇಲ್ಲದಿದ್ದರೆ ಬೆರಳದ್ದಿ ನೋಡಿ: ಬಿಸಿ ತಟ್ಟಬೇಕು, ಸುಡಬಾರದು. 130 ದಾಟಿದ ಹಾಲಿನಲ್ಲಿ ಹೆಪ್ಪು ಸತ್ತೇಹೋಗುತ್ತದೆ. ಪಾತ್ರೆ ಮುಚ್ಚಿ, ಓವನ್ ಹೊತ್ತಿಸದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಇಡಿ. ಓವನ್‌ನ ಕನಿಷ್ಠ ಬಿಸಿಯೇ ಸಾಮಾನ್ಯವಾಗಿ 170. ‘ಸ್ವಲ್ಪ ಬೆಚ್ಚಗಿರಲಿ’ ಎಂದು ಹೊತ್ತಿಸಿಯೇ ಬಿಟ್ಟರೆ ಹೆಪ್ಪು ಸಾಯುತ್ತದೆ. ದೀಪ ಎಲ್‌ಇಡಿ ಆಗಿದ್ದರೆ ಅದರಿಂದ ಬಿಸಿ ಅಷ್ಟಾಗಿ ಬರದು. ಪಕ್ಕದಲ್ಲಿ ಒಂದು ಪಾತ್ರೆ ಕುದಿನೀರು ಇಡಿ. ದೋಸೆ ಹಿಟ್ಟಿಗೂ ಇದೇ ಜಾಗ, ಆದರೆ 80ರಿಂದ 90 ಸಾಕು.