ಅರ್ಧಕ್ಕೇ ನಿಂತ ತಂಪು

ಬೆಳಕು ತಳ್ಳುತ್ತದೆ, ಆದರೆ ತೀರಾ ಮೆಲ್ಲಗೆ. 1 ವ್ಯಾಟ್ ಲೇಸರ್ ಕನ್ನಡಿಗೆ ಬಡಿದು ಪೂರ್ತಿ ಹಿಂದಿರುಗಿದರೂ ಕನ್ನಡಿಯ ಮೇಲೆ ಬೀಳುವ ಬಲ 7 ನ್ಯಾನೋನ್ಯೂಟನ್ ಮುಟ್ಟುವುದಿಲ್ಲ. ಈ ಚೂರುಪಾರು ಬಲದ ಲೆಕ್ಕ ಹಾಕುತ್ತಲೇ ನನ್ನ ಪಿಎಚ್‌ಡಿ ಮುಗಿಯಿತು. ನಾನು ಥಿಯರಿಯ ಕಡೆಯ ಮನುಷ್ಯ. ಲ್ಯಾಬ್‌ನಲ್ಲಿ ನನ್ನದು ಅನ್ನುವ ಒಂದು ಸ್ಕ್ರೂಡ್ರೈವರ್ ಕೂಡ ಇರಲಿಲ್ಲ.

ಎರಡು ಕನ್ನಡಿ ಎದುರುಬದುರು ಇಟ್ಟು ನಡುವೆ ಬೆಳಕನ್ನು ಹಿಡಿದಿಟ್ಟರೆ ಅದು ಕ್ಯಾವಿಟಿ. ಒಂದು ಕನ್ನಡಿಯನ್ನು ಕಂಪಿಸಲು ಬಿಟ್ಟರೆ ಕ್ಯಾವಿಟಿಯ ಉದ್ದ ಬದಲಾಗುತ್ತದೆ, ಒಳಗಿನ ಬೆಳಕೂ ಬದಲಾಗುತ್ತದೆ, ಆ ಬೆಳಕು ಮತ್ತೆ ಕನ್ನಡಿಯನ್ನು ತಳ್ಳುತ್ತದೆ. ಲೇಸರ್‌ನ ಆವರ್ತನವನ್ನು ಕ್ಯಾವಿಟಿಯದಕ್ಕಿಂತ ಸರಿಯಾಗಿ ಕನ್ನಡಿಯ ಕಂಪನದ ಆವರ್ತನದಷ್ಟು ಕೆಳಗಿಟ್ಟರೆ, ಒಳಗೆ ಬರುವ ಪ್ರತಿ ಫೋಟಾನ್ (ಬೆಳಕಿನ ಕಣ) ಕನ್ನಡಿಯಿಂದ ಒಂದು ಫೋನಾನ್, ಅಂದರೆ ಕಂಪನದ ಶಕ್ತಿಯ ಒಂದು ಕಣ, ಕಿತ್ತುಕೊಂಡು ಹೊರಗೆ ಹೋಗಲು ನೋಡುತ್ತದೆ. ಕನ್ನಡಿ ತಣ್ಣಗಾಗುತ್ತದೆ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಅಣುಗಳಲ್ಲಿ ಕಂಡದ್ದೂ ಇದೇ ಬಗೆಯ ವ್ಯವಹಾರ: ಬೆಳಕು ಕಂಪನಕ್ಕೆ ಶಕ್ತಿ ಕೊಟ್ಟರೆ ಸ್ಟೋಕ್ಸ್, ಕಂಪನದಿಂದ ಕಿತ್ತುಕೊಂಡರೆ ಆಂಟಿ-ಸ್ಟೋಕ್ಸ್. ಕ್ಯಾವಿಟಿ ಎರಡನೆಯದಕ್ಕೆ ಬಾಗಿಲು ತೆರೆದು ಮೊದಲನೆಯದಕ್ಕೆ ಮುಚ್ಚುತ್ತದೆ, ಅಷ್ಟೇ.

ಒಂದೇ ಕಂಪಕದ (ಹೀಗೆ ಕಂಪಿಸುವ ವಸ್ತುವಿನ) ಮಟ್ಟಿಗೆ ಈ ಕಥೆ ನಾನು ಬರುವ ಹೊತ್ತಿಗೇ ಮುಗಿದಿತ್ತು. ಎಷ್ಟು ತಣ್ಣಗೆ ಮಾಡಬಹುದು ಎಂಬ ಕ್ವಾಂಟಮ್ ಮಿತಿಯ ಲೆಕ್ಕ 2007ರಲ್ಲಿ ಬಂತು. 2011ರಲ್ಲಿ ಅಮೆರಿಕದ ಬೌಲ್ಡರ್‌ನ ಎನ್‌ಐಎಸ್‌ಟಿ ಸಂಶೋಧನಾ ಸಂಸ್ಥೆಯಲ್ಲಿ 15 ಮೈಕ್ರಾನ್ ಅಗಲದ ಅಲ್ಯೂಮಿನಿಯಂ ಡ್ರಮ್ ಒಂದನ್ನು ಮೈಕ್ರೋವೇವ್‌ನಿಂದ ತಣಿಸಿ, ಸರಾಸರಿ 0.34 ಫೋನಾನ್‌ಗೆ ಇಳಿಸಿದರು. ಆ ಡ್ರಮ್‌ನ ಶೂನ್ಯಬಿಂದು ಕಂಪನ (ಎಷ್ಟು ತಣಿಸಿದರೂ ಉಳಿಯುವ ಕಂಪನ) ಸುಮಾರು 4 ಫೆಮ್ಟೋಮೀಟರ್, ಪರಮಾಣು ಬೀಜದ ಅಳತೆಯದು. ಕ್ಯಾಲ್‌ಟೆಕ್‌ನವರು ಅದೇ ವರ್ಷ ಸಿಲಿಕಾನ್ ತೊಲೆಯನ್ನು ಲೇಸರ್‌ನಿಂದ 0.85ಕ್ಕೆ ತಂದರು. ಹಾಗಾಗಿ ನನಗೆ ಸಿಕ್ಕಿದ್ದು ಮುಂದಿನ ಪ್ರಶ್ನೆ: ಒಂದೇ ಕ್ಯಾವಿಟಿಯಲ್ಲಿ ಎರಡು ಕಂಪಕಗಳಿದ್ದರೆ?

ಮೊದಲ ಕೆಲಸ ಪೆನ್ನು-ಕಾಗದದ್ದೇ. ಬೆಳಕು-ಕಂಪನಗಳ ಮೂಲ ಸಮೀಕರಣ ಸರಳರೇಖೆಯದಲ್ಲ (ನಾನ್‌ಲೀನಿಯರ್). ಆದರೆ ಬೌಲ್ಡರ್ ಡ್ರಮ್‌ನಂಥ ಸಾಧನದಲ್ಲಿ ಕಂಪನದ ಮೇಲೆ ಒಂಟಿ ಫೋಟಾನ್‌ನ ಹಿಡಿತ ಕೆಲವು ನೂರು ಹರ್ಟ್ಸ್, ಕ್ಯಾವಿಟಿಯಿಂದ ಬೆಳಕು ಸೋರುವ ವೇಗ ಲಕ್ಷ ಹರ್ಟ್ಸ್‌ಗಳಲ್ಲಿ. ಆದ್ದರಿಂದ ಬೆಳಕನ್ನು 'ದೊಡ್ಡ ಸರಾಸರಿ, ಅದರ ಮೇಲೆ ಸಣ್ಣ ಕ್ವಾಂಟಮ್ ಏರಿಳಿತ' ಎಂದು ಬಿಡಿಸಿ, ಏರಿಳಿತಗಳ ಗುಣಲಬ್ಧವನ್ನು ಕೈಬಿಡಬಹುದು, ಆಗ ಸಮೀಕರಣ ಸರಳರೇಖೆಯದಾಗುತ್ತದೆ. ಥಿಯರಿ ಎಂದರೆ ಸೇರಿಸುವ ಕೆಲಸ ಅಂದುಕೊಂಡು ಬರುವವರೇ ಹೆಚ್ಚು. ನನ್ನ ಬಹುಪಾಲು ಸಮಯ ಹೋದದ್ದು ಯಾವುದನ್ನು ಧೈರ್ಯವಾಗಿ ಬಿಡಬಹುದು ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ.

ಬಿಟ್ಟದ್ದರ ಲಾಭ ದೊಡ್ಡದು. ಹೊಸಬರು ನೇರವಾಗಿ ಪೈಥಾನ್‌ನ ಕ್ಯೂಟಿಪ್ (ಕ್ವಾಂಟಮ್ ಲೆಕ್ಕದ ಸಾಫ್ಟ್‌ವೇರ್) ತೆರೆದು ಪೂರ್ಣ ಡೆನ್ಸಿಟಿ ಮ್ಯಾಟ್ರಿಕ್ಸ್, ಅಂದರೆ ಇಡೀ ಕ್ವಾಂಟಮ್ ಸ್ಥಿತಿಯ ಪಟ್ಟಿ, ಕಟ್ಟಲು ಹೊರಡುತ್ತಾರೆ. ಬೆಳಕಿಗೆ 5 ಮಟ್ಟ, ಒಂದೊಂದು ಕಂಪಕಕ್ಕೆ 30 ಮಟ್ಟ ಇಟ್ಟರೂ 2 ಕೋಟಿ ದಾಟಿದ ಸಂಖ್ಯೆಗಳು. ಬಿಸಿ ಕಂಪಕಕ್ಕೆ ಆ 30 ಮಟ್ಟ ಯಾತಕ್ಕೂ ಸಾಲದು. ಸಮೀಕರಣ ಸರಳರೇಖೆಯದಾದರೆ ಸ್ಥಿತಿ ಗಾಸಿಯನ್ ಆಗಿಯೇ, ಅಂದರೆ ಗಂಟೆಯಾಕಾರದ ಹರಡಿಕೆಯಾಗಿಯೇ, ಉಳಿಯುತ್ತದೆ. ಆಗ ಏರಿಳಿತಗಳ ಅಳತೆ ಮತ್ತು ಪರಸ್ಪರ ನಂಟು ಹೇಳುವ 6×6 ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಸಾಕು, ಅದರಲ್ಲಿ ಬೇರೆಬೇರೆ ಸಂಖ್ಯೆಗಳು 21. ಅದನ್ನು ಕೊಡುವ ಲ್ಯಾಪುನೋವ್ ಸಮೀಕರಣ ಬಿಡಿಸಿದರೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ವ್ಯವಸ್ಥೆ ಸ್ಥಿರವಾಗಿದೆಯೇ ಎಂದು ಮೊದಲೇ ನೋಡಿರಬೇಕು, ಇಲ್ಲದಿದ್ದರೆ ಅಸ್ಥಿರವಾದದ್ದಕ್ಕೂ ಕೋಡ್ ಗಂಭೀರವಾಗಿ ಒಂದು ಉತ್ತರ ಕೊಟ್ಟುಬಿಡುತ್ತದೆ.

10 ಮೆಗಾಹರ್ಟ್ಸ್‌ನ ಎರಡು ಕಂಪಕ, 20 ಮಿಲಿಕೆಲ್ವಿನ್ ತಾಪ ಎಂದಿಟ್ಟೆ. ಆ ತಾಪದಲ್ಲಿ ಒಂದೊಂದರಲ್ಲೂ ಸುಮಾರು 41 ಫೋನಾನ್. ಲೇಸರ್ ಪವರ್ ಏರಿಸಿದಂತೆ ಗ್ರಾಫ್ ಇಳಿಯಿತು, ಇಪ್ಪತ್ತೂವರೆ ಹತ್ತಿರ ಬಂದು ಮಲಗಿತು. ಪವರ್ ಎಷ್ಟು ಕೊಟ್ಟರೂ ಅಲ್ಲಿಂದ ಅಲುಗದು. ಗೈಡ್ ಮೇಡಂ ಒಮ್ಮೆ ನೋಡಿ, "ಸರಿಯಾಗಿ ಅರ್ಧಕ್ಕೆ ನಿಂತಿದೆ ಅಂದ್ರೆ ಕೋಡ್ ಅಲ್ಲಪ್ಪ, ಸಿಮೆಟ್ರಿ. ಮೊತ್ತ-ವ್ಯತ್ಯಾಸ ಮಾಡಿ ನೋಡು" ಅಂದರು.

ಮಾಡಿದೆ. ಕ್ಯಾವಿಟಿಗೆ ಕಾಣುವುದು ಎರಡೂ ಕಂಪನಗಳ ಮೊತ್ತ ಮಾತ್ರ. ಒಂದು ಮುಂದೆ ಹೋದಷ್ಟೇ ಇನ್ನೊಂದು ಹಿಂದೆ ಸರಿದರೆ ಬೆಳಕಿಗೆ ಏನೂ ಆದಂತಿಲ್ಲ. ಆ ಎದುರುಬದುರು ಚಲನೆಗೆ ಡಾರ್ಕ್ ಮೋಡ್ ಎನ್ನುತ್ತಾರೆ. ಅದು 41ರಲ್ಲೇ ಉಳಿಯಿತು, ಮೊತ್ತದ ಮೋಡ್ ಸೊನ್ನೆಯ ಹತ್ತಿರ ಹೋಯಿತು, ಸರಾಸರಿ ಅರ್ಧ. ಇದು ಪೇಪರುಗಳಲ್ಲಿ ಮೊದಲೇ ಇತ್ತು. ಹಾಗಂತ ಕೈಯಾರೆ ಬಿಡಿಸಿ ನೋಡದೆ ನನಗೆ ಮುಂದಿನ ದಾರಿ ತೋಚುತ್ತಿರಲಿಲ್ಲ.

ಎರಡೂ ಆವರ್ತನ ಒಂದೇ ಆಗಿದ್ದರೆ ಮಾತ್ರ ಡಾರ್ಕ್ ಮೋಡ್ ಪೂರ್ತಿ ಮರೆಯಲ್ಲಿರುತ್ತದೆ. ಸ್ವಲ್ಪ ವ್ಯತ್ಯಾಸವಿದ್ದರೆ ಅದು ನಿಧಾನವಾಗಿ ಮೊತ್ತದ ಮೋಡ್‌ಗೆ ಬೆರೆಯುತ್ತದೆ, ಆ ದಾರಿಯಾಗಿ ತಣಿಯುತ್ತದೆ. ಬೆರೆಯುವ ವೇಗ: ವ್ಯತ್ಯಾಸದ ವರ್ಗವನ್ನು ಮೊತ್ತದ ಮೋಡ್‌ನ ತಣಿಸುವ ವೇಗದಿಂದ ಭಾಗಿಸಿದ್ದು. ಭಾಗಿಸಿದ್ದು ಎಂಬಲ್ಲೇ ಎಲ್ಲ ಇದೆ. ಲೇಸರ್ ಜೋರು ಮಾಡಿದಷ್ಟೂ ಡಾರ್ಕ್ ಮೋಡ್ ಮತ್ತೆ ಮರೆಗೆ ಸರಿಯುತ್ತದೆ. ಕಂಪಕದ ಸ್ವಂತ ಸೋರಿಕೆ (ಲೇಸರ್ ಇಲ್ಲದಾಗ ಶಕ್ತಿ ಕಳೆದುಕೊಳ್ಳುವ ವೇಗ) 30 ಹರ್ಟ್ಸ್, ವ್ಯತ್ಯಾಸ 10 ಕಿಲೋಹರ್ಟ್ಸ್ ಎಂದಿಟ್ಟರೆ, ತಣಿಸುವ ವೇಗ 20 ಕಿಲೋಹರ್ಟ್ಸ್ ಇದ್ದಾಗ ಸರಾಸರಿ ಸುಮಾರು 0.25 ಫೋನಾನ್, ಅದನ್ನೇ 100ಕ್ಕೆ ಏರಿಸಿದರೆ 0.64. ಒಳ್ಳೆಯ ಜಾಗ ವ್ಯತ್ಯಾಸದ ಎರಡು ಪಟ್ಟು. ಕಾಗದದ ಮೇಲೆ ಇದು ಒಂದೂವರೆ ಪುಟದ ಕೆಲಸ, 6×6 ಕೋಡ್ ಕೂಡ ಅದನ್ನೇ ಹೇಳಿತು.

ಇಲ್ಲೊಂದು ಮಾತು. ಕ್ಯಾವಿಟಿಯಿಂದ ಬೆಳಕು ಸೋರುವ ವೇಗಕ್ಕೆ ಕಾಪಾ ಎನ್ನುತ್ತಾರೆ, ಕಂಪನದ ಆವರ್ತನಕ್ಕೆ ಒಮೆಗಾ. ಕಾಪಾವನ್ನು ಕೆಲವರು ಅನುರಣನ ರೇಖೆಯ ಪೂರ್ಣ ಅಗಲ ಎಂದು ಬರೆಯುತ್ತಾರೆ, ಕೆಲವರು ಅರ್ಧ ಅಗಲ ಎಂದು. ಮೊದಲನೆಯವರ ತಣಿಸುವ ಮಿತಿ (ಕಾಪಾ ಬೈ ನಾಲ್ಕು ಒಮೆಗಾ) ಇಡೀ ಭಾಗದ ವರ್ಗ, ಎರಡನೆಯವರದು (ಕಾಪಾ ಬೈ ಎರಡು ಒಮೆಗಾ) ಇಡೀ ಭಾಗದ ವರ್ಗ. ಯಾವ ಪೇಪರ್ ತೆರೆದರೂ ಮೊದಲು ಇದನ್ನು ನೋಟ್‌ಬುಕ್‌ನ ಮೂಲೆಯಲ್ಲಿ ಬರೆದುಕೊಳ್ಳುತ್ತೇನೆ. 2 ಪೈ ಸೇರಿದೆಯೋ ಇಲ್ಲವೋ ಎಂಬುದನ್ನೂ.

ಎರಡು ಕಂಪಕಗಳನ್ನು ನೇರವಾಗಿಯೂ ಜೋಡಿಸಿ, ಆ ಜೋಡಣೆಗೆ ಒಂದು ಫೇಸ್ (ಕಂಪನದ ಹಂತ ಹೇಳುವ ಕೋನ) ಕೊಟ್ಟು ಡಾರ್ಕ್ ಮೋಡ್ ಒಡೆಯುವ ದಾರಿಯೂ ಇದೆ. ಫೇಸ್ 90 ಡಿಗ್ರಿ ಇದ್ದಾಗ ಅದರ ಪರಿಣಾಮವೂ ಆವರ್ತನ ವ್ಯತ್ಯಾಸದ ಪರಿಣಾಮವೂ ವರ್ಗಗಳಾಗಿ ಕೂಡುತ್ತವೆ, ಒಂದನ್ನೊಂದು ಅಳಿಸುವುದಿಲ್ಲ. ಒಂದು ರಿಯಲ್ ಸಂಖ್ಯೆ, ಇನ್ನೊಂದು ಇಮ್ಯಾಜಿನರಿ ಸಂಖ್ಯೆ, ಅದಕ್ಕೆ. ನನಗೆ ಈ ಸಾಲು ತುಂಬಾ ಇಷ್ಟವಾಗಿತ್ತು.

ಪ್ರಯೋಗದ ಗೆಳೆಯನಿಗೆ ತೋರಿಸಿದೆ. ಧಾರವಾಡದ ಕಡೆಯವನು, ನೇರ ಮಾತು. "ಫೇಸ್ ಗೀಸ್ ಆಮ್ಯಾಲೆ ನೋಡೂಣು. ಒಂದರಂಗ ಇನ್ನೊಂದು ಡ್ರಮ್ ನಮಗ ಮಾಡಾಕ ಬರೂದಿಲ್ಲ, ವ್ಯತ್ಯಾಸ ಇದ್ದ ಇರ್ತದ. ಪವರ್ ಎಲ್ಲಿ ನಿಲ್ಲಿಸ್ಬೇಕು, ಅದನ್ನ ಹೇಳು" ಅಂದ. ಹೀಗೆ ಆ ಎರಡು ಪಟ್ಟಿನ ಗ್ರಾಫ್ ಪೇಪರಿನ ಮೊದಲ ಚಿತ್ರವಾಯಿತು, ಫೇಸ್‌ನ ಸಾಲು ಅನುಬಂಧಕ್ಕೆ ಹೋಯಿತು.