ಮನೆ ಸಾಲದ ಅರ್ಜಿಯಲ್ಲಿ ರಿಇಂಬರ್ಸ್‌ಮೆಂಟ್ ದುಡ್ಡು ಸಂಬಳವೇ?

ಅಮೆರಿಕದಲ್ಲಿ ಮೊದಲ ಸಲ ಮನೆ ಸಾಲಕ್ಕೆ ಅರ್ಜಿ ಹಾಕುವವರು ಖಾತೆಗೆ ಬಿದ್ದದ್ದನ್ನೆಲ್ಲ ಆದಾಯದಲ್ಲಿ ಸೇರಿಸಿಬಿಡುತ್ತಾರೆ. ಆಫೀಸಿನ ಕೆಲಸಕ್ಕೆ ನೀವು ಕೈಯಿಂದ ಹಾಕಿದ ಖರ್ಚು ವಾಪಸ್ ಬಂದರೆ ಅದು ಆದಾಯವಲ್ಲ. ರಸೀದಿ ಕೊಟ್ಟು ಪಡೆದ ಇಂಥ ಹಣ ಡಬ್ಲ್ಯು-2ರ (ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳದ ಪತ್ರ) ಬಾಕ್ಸ್ 1ರಲ್ಲಿ, ಅಂದರೆ ತೆರಿಗೆ ಬೀಳುವ ಸಂಬಳದ ಅಂಕಣದಲ್ಲಿ, ಇರುವುದೇ ಇಲ್ಲ. ಲೆಕ್ಕ ಕೇಳದೆ ತಿಂಗಳಿಗಿಷ್ಟು ಎಂದು ಕೊಡುವ ಕಾರ್ ಅಲೋವೆನ್ಸ್ ಬೇರೆ. ಅದಕ್ಕೆ ತೆರಿಗೆ ಹಿಡಿದು ಬಾಕ್ಸ್ 1ಕ್ಕೆ ಸೇರಿಸಿರುತ್ತಾರೆ. ಎಷ್ಟು ಕಾಲದಿಂದ ಬರುತ್ತಿದೆ, ಮುಂದೆಯೂ ಬರುತ್ತದೆಯೇ ಎಂದು ನೋಡಿ ಸಾಲ ಕೊಡುವವರು ಅದನ್ನು ಆದಾಯವೆಂದು ಒಪ್ಪಬಹುದು. ಆದರೆ ಕಾರಿನ ಕಂತಿನಿಂದ ಅದನ್ನು ಕಳೆಯುವಂತಿಲ್ಲ; ಕಂತು ಪೂರ್ತಿಯಾಗಿ ನಿಮ್ಮ ಸಾಲದ ಹೊರೆಯ ಲೆಕ್ಕಕ್ಕೇ ಹೋಗುತ್ತದೆ.

ಎಡವುವುದು ಪೇ ಸ್ಟಬ್‌ನಲ್ಲಿ, ಅಂದರೆ ಸಂಬಳದ ಚೀಟಿಯಲ್ಲಿ. ಎರಡು ವಾರಕ್ಕೊಮ್ಮೆ 4,000 ಡಾಲರ್ ಸಂಬಳ, ಅದರ ಕೆಳಗೆ 600 ಡಾಲರ್ ಪ್ರಯಾಣದ ಖರ್ಚು ಎಂದುಕೊಳ್ಳಿ. ವರ್ಷಕ್ಕೆ 26 ಸಂಬಳ (24 ಅಲ್ಲ, ಇಲ್ಲೂ ಬಹಳ ಜನ ತಪ್ಪುತ್ತಾರೆ). ಸರಿಯಾದ ತಿಂಗಳ ಆದಾಯ 8,667. ಆ 600ನ್ನೂ ಸೇರಿಸಿದರೆ 9,967. ಸಾಲದ ಕಂತುಗಳೆಲ್ಲ ಆದಾಯದ 43%ರೊಳಗೆ ಇರಬೇಕೆಂದರೆ, ಆ 1,300ರ ವ್ಯತ್ಯಾಸಕ್ಕೇ ನೀವು ಕಟ್ಟಬಹುದಾದ ತಿಂಗಳ ಕಂತು 559 ಡಾಲರ್ ಹೆಚ್ಚು ತೋರುತ್ತದೆ. ಆ ಭರವಸೆಯಲ್ಲಿ ಮನೆ ನೋಡಿದರೆ ಅಂಡರ್‌ರೈಟಿಂಗ್‌ನಲ್ಲಿ (ಸಾಲ ಕೊಡುವವರು ದಾಖಲೆ ಪರೀಕ್ಷಿಸುವ ಹಂತ) ಲೆಕ್ಕ ಕುಸಿಯುತ್ತದೆ. ವರ್ಷದ ಮೊತ್ತ ತೋರಿಸುವ ವೈಟಿಡಿ ಕಾಲಮ್ಮಿನಲ್ಲೂ ಕೆಲವು ಪೇರೋಲ್‌ಗಳು ಎರಡನ್ನೂ ಕೂಡಿಸಿರುತ್ತವೆ. ಸಾಲು ಸಾಲಾಗಿ ಓದಿ.

ಇನ್ನೊಂದು ವಿಚಿತ್ರ: ವಾಪಸ್ ಬರುವ ದುಡ್ಡು ಆದಾಯವಲ್ಲ, ಆದರೆ ಅದೇ ಟಿಕೆಟ್ಟನ್ನು ನಿಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದಿದ್ದರೆ ಅದರ ಬಾಕಿ ಮಾತ್ರ ಸಾಲ! ಕ್ರೆಡಿಟ್ ರಿಪೋರ್ಟಿನಲ್ಲಿರುವ ಕನಿಷ್ಠ ಪಾವತಿ ನಿಮ್ಮ ತಿಂಗಳ ಹೊರೆಗೆ ಸೇರುತ್ತದೆ. ಕಾರ್ಡುಗಳು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ದಿನದ ಬಾಕಿಯನ್ನೇ ವರದಿ ಮಾಡುವುದರಿಂದ, ಅದಕ್ಕೆ ಎರಡು ಮೂರು ದಿನ ಮೊದಲೇ ಕಟ್ಟಿಬಿಡಿ. ಅರ್ಜಿಗೆ ಮುಂಚಿನ ಎರಡು ತಿಂಗಳು ಆಫೀಸಿನ ಕಾರ್ಡ್ ಸಿಕ್ಕರೆ ಅದನ್ನೇ ಬಳಸಿ.

ರಿಇಂಬರ್ಸ್‌ಮೆಂಟ್ ಸಂಬಳದಿಂದ ಪ್ರತ್ಯೇಕವಾಗಿ ಖಾತೆಗೆ ಬಂದರೆ, ದೊಡ್ಡ ಮೊತ್ತದ ಮೂಲ ಕೇಳುತ್ತಾರೆ. ಮಂಜೂರಾದ ಎಕ್ಸ್‌ಪೆನ್ಸ್ ರಿಪೋರ್ಟಿನ ಪಿಡಿಎಫ್ ಅವತ್ತೇ ಉಳಿಸಿಕೊಳ್ಳಿ. ಕೆಲಸ ಬಿಟ್ಟ ಮೇಲೆ ಆ ಪೋರ್ಟಲ್ ತೆರೆಯುವುದಿಲ್ಲ.

ಲೋನ್ ಆಫೀಸರ್ ಆಗಲೇ ತಪ್ಪು ಲೆಕ್ಕ ಹಾಕಿದ್ದರೆ ಸುಮ್ಮನಿರಬೇಡಿ. 4506-ಸಿ ಎಂಬ ಒಪ್ಪಿಗೆ ಫಾರಂಗೆ ನಿಮ್ಮಿಂದ ಸಹಿ ಹಾಕಿಸಿಕೊಂಡು ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದಲೇ ನಿಮ್ಮ ತೆರಿಗೆ ದಾಖಲೆ ತರಿಸುವ ಅಧಿಕಾರ ಅವರಿಗಿದೆ; ತಪ್ಪು ಆಗ ಬಯಲಾಗಬಹುದು. ಈಮೇಲ್‌ನಲ್ಲೇ ತಿದ್ದಿಸಿ, ಹೊಸ ಪ್ರೀ-ಅಪ್ರೂವಲ್ ಪತ್ರ (ಎಷ್ಟು ಸಾಲ ಸಿಗಬಹುದೆಂದು ಮೊದಲೇ ಕೊಡುವ ಪತ್ರ) ಪಡೆದ ಮೇಲಷ್ಟೇ ಮನೆಗೆ ಆಫರ್ ಹಾಕಿ.